ಸೋರೆಕಾಯಿಗೆ ಬೆರೆಸಿದ ಕಾಯಿಹಾಲು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಮುದುಕನಾದೆ. ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನೂ ನನ್ನ ಅಣ್ಣನೂ ಒಂದೇ ಯಕ್ಷಗಾನ ಮೇಳದಲ್ಲಿದ್ದೆವು. ಅಣ್ಣ ಸೀತೆಯ ವೇಷ ಮಾಡುತ್ತಿದ್ದ, ನಾನು ಸಖಿ. ಬಾರ್ಕೂರಿನ ಬಿಡಾರದಲ್ಲಿ ಮೇಳದ ಯಜಮಾನರು ಅವನ ಸೊಂಟ ನೋಡಿ ನಕ್ಕರು: "ಹ್ವಾಯ್, ಅಶೋಕವನದಗೆ ಸೀತೆ ಇಷ್ಟ್ ದಪ್ಪ ಆಪ್ದ್ ಹ್ಯಾಂಗೆ? ಮೈ ಇಳ್ಸಿ, ಇಲ್ದಿರೆ ವೇಷ ತಮ್ಮಂಗೆ."

ಅಂದೇ ಅಣ್ಣ ಅನ್ನ ಬಿಟ್ಟ. ಮುಳ್ಳುಸೌತೆ, ಪಪ್ಪಾಯಿ, ಹರಿವೆ ಸೊಪ್ಪು, ಬೇಯಿಸಿದ ಸೋರೆಕಾಯಿ, ಅಷ್ಟೇ ಅವನ ಊಟ. ಬೇಯಿಸುವವನು ನಾನು. ಆ ವೇಷ ನನಗೆ ಬೇಕಿತ್ತು. ದಿನವೂ ಸೋರೆಕಾಯಿಯನ್ನು ಕಿವುಚಿ ತೆಂಗಿನ ದಪ್ಪ ಕಾಯಿಹಾಲು ಬೆರೆಸಿದೆ.

"ಎಂತ ರುಚಿ ಮಾರಾಯ! ಕಾಯಿ ಹಾಕ್ಲಿಲ್ಲ ಅಲ್ದಾ?"

"ಇಲ್ಲ ಅಣ್ಣ, ಎಳಿ ಸೋರೆಕಾಯಿ, ಅದ್ಕೇ ರುಚಿ."

ಅವನು ನಂಬಿ ಇನ್ನೊಂದು ಸೌಟು ಹಾಕಿಸಿಕೊಂಡ.

ಮೈ ಇಳಿಯಲಿಲ್ಲ. ಸೀತೆ ನಾನಾದೆ. ಅಣ್ಣ ತನ್ನ ದೇಹವನ್ನೇ ಶಪಿಸುತ್ತ ಮೇಳ ಬಿಟ್ಟ. ಸಾಯುವವರೆಗೂ, ಅನ್ನ ಬಡಿಸಿದರೆ ಕದ್ದವನಂತೆ ಸುತ್ತ ನೋಡಿ ಅರ್ಧವನ್ನು ಬದಿಗೆ ಸರಿಸುತ್ತಿದ್ದ. ಪಕ್ಕದಲ್ಲೇ ಉಣ್ಣುತ್ತಿದ್ದ ನಾನು ಬಾಯಿ ಬಿಡಲಿಲ್ಲ. ಈಗ ಊಟಕ್ಕೆ ಕುಳಿತರೆ, ಅನ್ನ ಸರಿಸುವ ಆ ಕೈ ಎದುರಿಗೆ ಕಾಣುತ್ತದೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವನಲ್ಲಿ, ಕೈ ಹಿಡಿದು ನನಗೆ ಕುಣಿತ ಕಲಿಸಿದ ನನ್ನಣ್ಣನಲ್ಲಿ.