ಗುಂಡಿಯ ಸೊಂಟದ ಸುತ್ತಳತೆ

ನಮ್ಮ ಭಾವ ದರ್ಜಿ. ಸುಳ್ಳು ಹೇಳದ ದರ್ಜಿಯನ್ನು ನಾನು ಕಂಡಿಲ್ಲ. ಆದರೆ ಭಾವನಷ್ಟು ಮರ್ಯಾದೆಯಿಂದ ಸುಳ್ಳು ಹೇಳುವವರನ್ನೂ ಕಂಡಿಲ್ಲ. ಅವರ ಹತ್ತಿರ ಇದ್ದದ್ದು ಎರಡೇ ಸುಳ್ಳು. ಒಂದು, "ನಾಳೆ ಬನ್ನಿ, ರೆಡಿ ಇರುತ್ತೆ." ಇನ್ನೊಂದು, ಗಿರಾಕಿಯ ಹೊಟ್ಟೆಯ ಸುತ್ತ ಟೇಪು ಎಳೆದು, ಕಣ್ಣು ಕಿರಿದು ಮಾಡಿ ಹೇಳುವ ಮಾತು: "ಏನೂ ಬದಲಾಗಿಲ್ಲ ಸಾರ್, ಹೋದ ಸಲದ್ದೇ ಅಳತೆ." ಆಮೇಲೆ ಹೊಲಿಯುವಾಗ ಸದ್ದಿಲ್ಲದೆ ಎರಡು ಬೆರಳು ಅಗಲ ಬಿಡುತ್ತಿದ್ದರು. ಗಿರಾಕಿ ಕನ್ನಡಿಯ ಮುಂದೆ ನಿಂತು, ತನಗೆ ವಯಸ್ಸೇ ಆಗಿಲ್ಲವೆಂದುಕೊಂಡು ಹಿಗ್ಗಿ ಹೋಗುತ್ತಿದ್ದ.

"ಬಟ್ಟೆ ಹೊಲಿಸೋಕೆ ಬರೋದು ಖುಷಿಗೆ. ಬೇಜಾರು ಬೇಕಂದ್ರೆ ಎಲ್ಲರ ಮನೇಲೂ ಇರುತ್ತಲ್ಲ" ಎನ್ನುವುದು ಭಾವನ ವೃತ್ತಿಧರ್ಮ.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಅಂಗಡಿಯಲ್ಲಿ ಎರಡು ಮಿಷನ್ನು, ಕತ್ತರಿಸುವ ಉದ್ದ ಮೇಜು, ಗೋಡೆಗೆ ಒರಗಿಸಿದ ಬೆಂಚು. ಆ ಬೆಂಚಿನ ಒಂದು ತುದಿ ನನ್ನದು. ಆಫೀಸು ಬಿಟ್ಟು ನೇರ ಮನೆಗೆ ಹೋದರೆ ಹೆಂಡತಿ ಜ್ವರವೇ ಎಂದು ಹಣೆ ಮುಟ್ಟಿ ನೋಡುತ್ತಾಳಾದ್ದರಿಂದ, ಸಂಜೆ ಅಕ್ಕನ ಕೈಯ ಟೀ ಕುಡಿದೇ ಮುಂದೆ ಹೋಗುವುದು ನನ್ನ ಪದ್ಧತಿ. ಬೆಂಚಿನ ಉಳಿದ ಭಾಗ 'ನಾಳೆ'ಯ ಗಿರಾಕಿಗಳದ್ದು. ಅದರ ಕೆಳಗಿನ ಜಾಗ ಗುಂಡಿಯದು.

ಗುಂಡಿ ಅವರ ಮನೆಯ ನಾಯಿ. ಚಿಂದಿ ಬಟ್ಟೆಯ ಪೆಟ್ಟಿಗೆಯಲ್ಲಿ ಮಲಗಿ ಬೆಳೆದವಳು. ಕೋಟಿನ ಗುಂಡಿಯಂಥ ಕಣ್ಣು ನೋಡಿ ಭಾವ ಇಟ್ಟ ಹೆಸರು. ಅವಳನ್ನು ಸಾಕಿದ್ದರಲ್ಲಿ ಗಂಡಹೆಂಡಿರಿಬ್ಬರೂ ಏನೂ ಕೊರತೆ ಮಾಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಚುಚ್ಚುಮದ್ದು, ದಿನವೂ ತೊಳೆದ ನೀರಿನ ಬಟ್ಟಲು, ಒದ್ದೆ ಹತ್ತಿಯಲ್ಲಿ ಕಿವಿ ಒರೆಸುವುದು, ಉಗುರು ಬೆಳೆದರೆ ಹುಷಾರಾಗಿ ಕತ್ತರಿಸುವುದು. ಚಳಿಗಾಲ ಬಂದರೆ ಭಾವ ಅವಳಿಗೊಂದು ಕೋಟು ಹೊಲಿಯುತ್ತಿದ್ದರು. ಪ್ರತಿ ಚಳಿಗಾಲವೂ ಆ ಕೋಟು ಸದ್ದಿಲ್ಲದೆ ಅಗಲವಾಗುತ್ತಿತ್ತು. ಹಗ್ಗ ಸಿಕ್ಕಿಸುವ ಎದೆಪಟ್ಟಿಗೂ ಅವರೇ ಹೊಸ ತೂತು ಹಾಕುತ್ತಿದ್ದರು.

ಒಂದು ಸಂಜೆ ಅಂಗಡಿ ಮುಚ್ಚಿ ಎಲ್ಲರೂ ಮೇಲೆ ಹೊರಟೆವು. ಗುಂಡಿ ಮುಂಗಾಲೆರಡನ್ನೂ ಮೊದಲ ಮೆಟ್ಟಿಲ ಮೇಲಿಟ್ಟಳು. ಹಿಂಗಾಲು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ, ತಪ್ಪು ತನ್ನದೇ ಎಂಬಂತೆ ಬಾಲ ಅಲ್ಲಾಡಿಸಿ ನಮ್ಮನ್ನು ನೋಡಿದಳು. "ಕಾಲು ಜೋಮು ಹಿಡಿದಿರಬೇಕು" ಎಂದು ಭಾವ ಎತ್ತಿಕೊಂಡರು. ಅರ್ಧ ಮೆಟ್ಟಿಲಿಗೆ ಅವರ ಸೊಂಟವೇ ಹಿಡಿದುಕೊಂಡು, ಇಬ್ಬರನ್ನೂ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಮರುದಿನ ನಾಯಿ ಡಾಕ್ಟರ ಹತ್ತಿರ ಹೋದೆವು. ನಗು ಮೊಗದ ಹೆಂಗಸು, ಆದರೆ ಮಾತು ಕತ್ತರಿ. ಗುಂಡಿಯ ಪಕ್ಕೆಯ ಮೇಲೆ ಬೆರಳಾಡಿಸಿ ಭಾವನ ಕಡೆ ತಿರುಗಿದರು.

"ಪಕ್ಕೆಲುಬು ಎಲ್ಲಿದೆ, ಹುಡುಕಿ ಕೊಡಿ ನೋಡೋಣ."

ಭಾವ ತಡವಿದರು. ಬಟ್ಟೆಯ ಎಳೆ ಎಣಿಸಬಲ್ಲ ಬೆರಳಿಗೂ ಏನೂ ಸಿಗಲಿಲ್ಲ. "ಒಳಗಡೆ ಇರುತ್ತೆ ಡಾಕ್ಟ್ರೇ. ಲೈನಿಂಗ್ ಸ್ವಲ್ಪ ದಪ್ಪ, ಅಷ್ಟೇ."

ಡಾಕ್ಟರು ನಗಲಿಲ್ಲ. "ಸುಮ್ನೆ ಸವರಿದ್ರೆ ಪಕ್ಕೆಲುಬು ಕೈಗೆ ಸಿಗಬೇಕು. ಇವಳ ಹಿಂಗಾಲಿನ ಕೀಲು ಸವೀತಾ ಇದೆ. ಮೈ ಇಳಿದ್ರೆ ಆರಾಮಾಗಿ ನಡೀತಾಳೆ. ಇಳೀದಿದ್ರೆ ಮುಂದೆ ಎದ್ದು ನಿಲ್ಲೋಕೂ ಆಗಲ್ಲ. ನಾನು ಕೊಡೋ ಮಾತ್ರೆ ನೋವಿಗೆ ಮಾತ್ರ. ಮಿಕ್ಕಿದ್ದು ನಿಮ್ಮ ಕೈಲಿದೆ."

ಆಮೇಲೆ ಒಂದೊಂದಾಗಿ ಹೇಳಿದರು. ಊಟ ಹಾಕುವವರು ಮನೆಯಲ್ಲಿ ಒಬ್ಬರೇ ಇರಬೇಕು. ಕಣ್ಣಂದಾಜು ಬೇಡ, ಲೋಟದಲ್ಲಿ ಅಳೆದು ಹಾಕಬೇಕು. ಒಂದಷ್ಟು ಊಟ ತೆಗೆದು ಆ ಜಾಗಕ್ಕೆ ಉಪ್ಪು ಹಾಕದೆ ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್ಟು. ನಮ್ಮ ತಟ್ಟೆಯದು ತುಣುಕೂ ಇಲ್ಲ. ಜಾರುವ ನೆಲಕ್ಕೆ ಹಾಸು. ಸಮನೆಲದಲ್ಲಿ ಬೆಳಿಗ್ಗೆ ಸಂಜೆ ಪುಟ್ಟ ನಡಿಗೆ. ಮೆಟ್ಟಿಲು ಸದ್ಯಕ್ಕೆ ಬೇಡವೇ ಬೇಡ.

"ವಾರಕ್ಕೊಂದ್ಸಲ ಸೊಂಟದ ಸುತ್ತಳತೆ ನೋಡ್ಕೊಳ್ಳಿ. ಮನೇಲಿ ಟೇಪ್ ಇದೆಯಾ?"

ಭಾವ ಕೊರಳಲ್ಲಿದ್ದ ಟೇಪನ್ನು ಮುಟ್ಟಿ ನೋಡಿಕೊಂಡರು. ಜೀವಮಾನದಲ್ಲಿ ಅವರಿಗೆ ಅಂಥ ಅವಮಾನ ಆಗಿರಲಿಲ್ಲ.

ಊಟದ ಲೋಟವನ್ನು ಅಕ್ಕ ವಹಿಸಿಕೊಂಡಳು. ಅವಳ ಕೈಯಿಂದ ಒಂದು ಕಾಳು ಜಾಸ್ತಿ ಬಿತ್ತೆಂದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಎಂದೇ ಅರ್ಥ. ಟೀಗೆ ಸಕ್ಕರೆ ಹಾಕುವುದರಲ್ಲಿ ನಾನೇ ಕಂಡಿದ್ದೇನೆ. ಭಾವ ಉಳಿದ ಪರದೆ ಬಟ್ಟೆಗಳನ್ನು ಜೋಡಿಸಿ ಅಂಗಡಿಯ ನೆಲಕ್ಕೆ ಹಾಸು ಹೊಲಿದರು. ಗುಂಡಿ ಜೊತೆಗೆ ಕೆಳಗೇ ಚಾಪೆ ಹಾಕಿ ಮಲಗತೊಡಗಿದರು. ಪ್ರತಿ ಭಾನುವಾರ ಮಂಡಿಯೂರಿ ಅಳೆದು, "ಇಳಿದಿದ್ದಾಳೆ! ಒಂದು ಬೆರಳು ಇಳಿದಿದ್ದಾಳೆ!" ಎಂದು ಘೋಷಿಸುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ತಿಂಗಳಾದ ಮೇಲೆ ಡಾಕ್ಟರ ತಕ್ಕಡಿಯ ಮೇಲೆ ನಿಲ್ಲಿಸಿದರೆ, ತೂಕ ಇಳಿಯುವುದಿರಲಿ, ಏರಿತ್ತು.

ಮನೆಗೆ ಬಂದವಳೇ ಅಕ್ಕ ಕೈ ಚಾಚಿದಳು. "ಟೇಪ್ ಕೊಡಿ ಇಲ್ಲಿ." ತಾನೇ ಅಳೆದಳು. ಗಂಡನ ಮುಖ ನೋಡಿದಳು. "ಏನ್ರೀ ಇದು?"

ಭಾವ ನೆಲ ನೋಡಿದರು. "ಅಳೆಯೋವಾಗ ನನ್ನ ಮುಖಾನೇ ನೋಡ್ತಿರ್ತಾಳೆ ಕಣೇ. ಹೇಗೆ ಹೇಳ್ಲಿ?"

"ನಾಯಿಗೆ ಇಂಚು ಓದೋಕೆ ಬರುತ್ತೇನ್ರೀ?"

"ನನ್ನ ಮುಖ ಓದೋಕೆ ಬರುತ್ತಲ್ಲ."

ನಾನು ಗೊಳ್ಳೆಂದು ನಕ್ಕೆ. ನಗಬಾರದಿತ್ತು. "ನಿನಗೇನೋ ನಗು? ಎದ್ದು ನಿಲ್ಲು" ಎಂದು ಅಕ್ಕ ಟೇಪನ್ನು ನನ್ನ ಕಡೆ ತಿರುಗಿಸಿದಳು. ಮದುವೆಯಾದಾಗಿನಿಂದ ನನ್ನ ಸೊಂಟ ಬದಲಾಗಿಲ್ಲವೆಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಕಿರಿಯ ಸಹೋದ್ಯೋಗಿಗಳಿಗೆ ಆರೋಗ್ಯದ ಉಪದೇಶವನ್ನೂ ಕೊಡುತ್ತಿದ್ದೆ. ಅಕ್ಕ ಓದಿದ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಇದು ಸಂಸಾರಸ್ಥರು ಓದುವ ಬರಹ.

"ಭಾವಾ, ನೀವು ಕೂಡಾ? ನನ್ನ ಪ್ಯಾಂಟಿಗೂ?" ಎಂದೆ.

"ನಿನಗೆ ಅಂತಲೇ ಜಾಸ್ತಿ ಬಿಟ್ಟು ಹೊಲಿದಿದೀನಪ್ಪಾ. ಭಾವಮೈದ ಅಂತ" ಎಂದರು, ಬಹಳ ಪ್ರೀತಿಯಿಂದ.

ಟೇಪಿನ ಸುಳ್ಳು ಬಯಲಾಯಿತು, ಸರಿ. ಆದರೆ ಅಕ್ಕನ ಲೋಟ ಸರಿಯಿದ್ದಮೇಲೆ ನಾಯಿ ಊದುತ್ತಿರುವುದು ಹೇಗೆ? ಮರುದಿನ ಅಕ್ಕ ಹುರುಳಿಕಾಯಿ ಬುಟ್ಟಿ ಹಿಡಿದು ಬೆಂಚಿನ ಮೇಲೆ ಬಂದು ಕೂತಳು. ನಾರು ತೆಗೆಯುತ್ತಾ ಇಡೀ ದಿನ ನೋಡಿದಳು.

ಮೊದಲು ಕನ್ನಡಕದ ಟೀಚರಮ್ಮ ಬಂದರು. "ರವಿಕೆ ಆಯ್ತಾ?" "ನಾಳೆ ಅಮ್ಮಾ." ಟೀಚರಮ್ಮ ನಿಟ್ಟುಸಿರು ಬಿಟ್ಟು ಕೂತರು. ಗುಂಡಿ ಎದ್ದು ಹೋಗಿ ಅವರ ಮಂಡಿಯ ಮೇಲೆ ಗದ್ದವಿಟ್ಟಳು. ಪ್ರಪಂಚದಲ್ಲಿ ತನ್ನ ಸಂಕಟ ಅರ್ಥವಾಗುವ ಒಂದು ಜೀವವಾದರೂ ಇದೆಯಲ್ಲ ಎಂದು ಟೀಚರಮ್ಮನ ಕೈ ಚೀಲಕ್ಕೆ ಹೋಯಿತು, ಬಿಸ್ಕತ್ತು ಬಂತು. ಆಮೇಲೆ ಬಸ್ ಡ್ರೈವರು. "ನಾಳೆ ಗ್ಯಾರಂಟಿ." ಅರ್ಧ ಬನ್ನು. ಹೂವಿನಂಗಡಿ ಅಜ್ಜಿ: "ನಾಳೆ ಅಜ್ಜೀ." ಬೆಲ್ಲದ ಚೂರು. ಸಂಜೆ ನಾನು ಬಂದು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ. ಅಕ್ಕನ ಕಣ್ಣು ನೋಡಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

"ಈ ನಾಯಿ ತಿಂತಿರೋದು ಬಿಸ್ಕತ್ತಲ್ಲ ಕಣ್ರೀ" ಎಂದಳು ಅಕ್ಕ. "ನಿಮ್ಮ 'ನಾಳೆ'ಗಳನ್ನ."

ಭಾವ ಮೊದಲು ಸುಲಭದ ದಾರಿ ಹಿಡಿದರು. 'ದಯವಿಟ್ಟು ನಾಯಿಗೆ ಏನೂ ಕೊಡಬೇಡಿ' ಎಂದು ಬಟ್ಟೆಯ ಮೇಲೆ ಚೆಂದವಾಗಿ ಹೊಲಿದು ತೂಗುಹಾಕಿದರು. ಅದನ್ನೋದಿದ ಗಿರಾಕಿಗಳು, "ಅಯ್ಯೋ ಪಾಪ, ಇದಕ್ಕೆ ಏನೂ ಕೊಡಲ್ವಂತೆ" ಎಂದು ಎರಡೆರಡು ಕೊಟ್ಟರು. ಇನ್ನು ಉಳಿದ ದಾರಿ ಒಂದೇ. ಬೆಂಚಿನ ಮೇಲೆ ಕಾಯುವವರೇ ಇರಬಾರದು. ಅಂದರೆ ದರ್ಜಿಯೊಬ್ಬ ಹೇಳಿದ ದಿನ ಬಟ್ಟೆ ಕೊಡಬೇಕು.

ಭಾವ ಒಂದು ಸಂಜೆಯಿಡೀ ಕತ್ತರಿ ಹಿಡಿದು, ಬಾಕಿ ಬಟ್ಟೆಗಳ ರಾಶಿ ನೋಡುತ್ತಾ ಕೂತಿದ್ದರು. ಗುಂಡಿ ಏಳಲು ಹೋಗಿ, ಹಿಂಗಾಲು ಜಾರಿ, ಮತ್ತೆ ಕೂತಳು. ಭಾವ ಮಿಷನ್ನಿನ ದೀಪ ಹಾಕಿದರು.

ಹಳೆಯದು ಮುಗಿಯುವವರೆಗೆ ಹೊಸ ಬಟ್ಟೆ ಮುಟ್ಟಲಿಲ್ಲ. "ಈ ವಾರ ಆಗಲ್ಲ, ಮುಂದಿನ ವಾರವೂ ಆಗಲ್ಲ, ಅದರ ಮುಂದಿನ ಗುರುವಾರ ಬನ್ನಿ" ಎಂದು ನಿಜ ಹೇಳಿದ ದಿನ ಟೀಚರಮ್ಮ, "ಮೈ ಹುಷಾರಾಗಿದೆ ತಾನೇ?" ಎಂದು ವಿಚಾರಿಸಿದರು. ಡ್ರೈವರಿನ ಪ್ಯಾಂಟು ಹೇಳಿದ ದಿನವೇ ಸಿದ್ಧವಾಯಿತು, ಆದರೆ ಅವನು ನಂಬಿ ಬರಲೇ ಇಲ್ಲ. ಭಾವನೇ ಬಸ್ ನಿಲ್ದಾಣಕ್ಕೆ ಹೋಗಿ ಕೊಡಬೇಕಾಯಿತು. "ಅಂಗಡಿ ಮುಚ್ತಿದೀರಾ?" ಎಂದು ಕೇಳಿದನಂತೆ.

ಬೆಂಚು ಖಾಲಿಯಾಯಿತು. ಗುಂಡಿ ಬಾಗಿಲಿಗೆ ಮುಖ ಮಾಡಿ ಕೂತು ಕುಂಯ್‌ಗುಟ್ಟುತ್ತಿದ್ದಳು. ನಿಜ ಹೇಳಬೇಕೆಂದರೆ ಭಾವನಿಗೂ ಅಂಗಡಿ ಬಿಕೋ ಎನ್ನಿಸುತ್ತಿತ್ತು. ಬೈಯುವುದಕ್ಕಾದರೂ ಜನ ಬರುತ್ತಿದ್ದರಲ್ಲ. "ಒಂದೇ ಒಂದು ಬಿಸ್ಕತ್ತು ಕಣೇ" ಎಂದು ಅಕ್ಕನನ್ನು ಬೇಡಿದರು. ಅಕ್ಕ ಕ್ಯಾರೆಟ್ಟಿನ ತುಂಡು ಕೊಟ್ಟಳು. ಗುಂಡಿ ಅದನ್ನು ಮೂಸಿ, ಭಾವನ ಕಾಲ ಬಳಿ ತಂದು ಇಟ್ಟಳು. ಮೂರನೆಯ ದಿನ ತಿಂದಳು.

ಡಾಕ್ಟರು ಹೇಳಿದ್ದ ನಡಿಗೆ ಆಗ ಶುರುವಾಯಿತು. ಅಲ್ಲಿಯವರೆಗೆ ಅದೂ 'ನಾಳೆ'ಯೇ ಆಗಿತ್ತು. ಮೊದಲು ಬೀದಿ ಮೂಲೆಯ ದೀಪದ ಕಂಬದವರೆಗೆ, ಆಮೇಲೆ ಪಾರ್ಕಿನವರೆಗೆ. ಬೆಳಗಿನ ಬಿಸಿಲಿನಲ್ಲಿ ತಮ್ಮ ಬೀದಿಯನ್ನು ಭಾವ ನೋಡಿ ಎಷ್ಟೋ ವರ್ಷವಾಗಿತ್ತು. ದಾರಿಯಲ್ಲಿ ಸಿಕ್ಕ ಗಿರಾಕಿಗಳು ಗುಂಡಿಯ ತಲೆ ಸವರಿ ಮಾತಾಡಿಸುತ್ತಿದ್ದರು. ಬೆಂಚಿನ ಮೇಲೆ ಆಗುತ್ತಿದ್ದ ಮಾತೆಲ್ಲ ಈಗ ರಸ್ತೆಯಲ್ಲಿ, ತಿಂಡಿಯಿಲ್ಲದೆ ಆಗುತ್ತಿತ್ತು.

ಒಂದು ಭಾನುವಾರ ಗುಂಡಿಯನ್ನು ಸವರುತ್ತಿದ್ದ ಭಾವ ಕಿರುಚಿದರು: "ಸಿಕ್ತು!"

"ಏನ್ರೀ, ಸೂಜಿಯಾ?"

"ಪಕ್ಕೆಲುಬು ಕಣೇ!"

ನಾವಿಬ್ಬರೂ ಓಡಿಹೋಗಿ ಮುಟ್ಟಿ ನೋಡಿದೆವು. ಹೌದು, ಸಾಲಾಗಿ ಇದ್ದವು. ಆವತ್ತೇ ಭಾವ ಎದೆಪಟ್ಟಿ ಬಿಚ್ಚಿ ಒಳಗೆ ಹಿಡಿದು ಹೊಲಿದರು. ಜೀವಮಾನವಿಡೀ ಅಗಲ ಬಿಟ್ಟ ಕೈ. ಚಿಕ್ಕದು ಮಾಡುವ ಸುಖ ಅದಕ್ಕೆ ಹೊಸತು.

ತಕ್ಕಡಿಯೂ ಒಪ್ಪಿತು. "ಇನ್ನು ಮೆಟ್ಟಿಲು ಹತ್ತಿಸಿ ನೋಡಿ. ಎಳೀಬೇಡಿ, ಎತ್ತಬೇಡಿ. ಅವಳಷ್ಟಕ್ಕೆ ಬಿಡಿ" ಎಂದರು ಡಾಕ್ಟರು.

ಆ ಸಂಜೆ ಅಕ್ಕ ಮೇಲಿನ ಬಾಗಿಲಲ್ಲಿ ನಿಂತಳು. ಭಾವ ಕೆಳಗೆ, ಗುಂಡಿಯ ಹಿಂದೆ, ಎರಡೂ ಕೈ ಚಾಚಿಕೊಂಡು, ಮುಟ್ಟದೆ. ಗುಂಡಿ ಮುಂಗಾಲಿಟ್ಟಳು. ತಡೆದಳು. ಹಿಂಗಾಲು ಒಂದು ಬಂತು, ಇನ್ನೊಂದು ಬಂತು. ಪ್ರತಿ ಮೆಟ್ಟಿಲಲ್ಲೂ ನಿಂತು, ಯೋಚಿಸಿ, ಏರಿದಳು. ನಡುವೆ ಒಮ್ಮೆ ಹಿಂದಿನ ಕಾಲು ನಡುಗಿತು, ಭಾವನ ಕೈ ಮುಂದೆ ಹೋಯಿತು, ಅಕ್ಕ "ರೀ!" ಎಂದಳು, ಕೈ ನಿಂತಿತು. ಗುಂಡಿ ತಾನೇ ಸಾವರಿಸಿಕೊಂಡು ಮೇಲೆ ಮುಟ್ಟಿ, ನೇರ ಮಂಚದ ಪಕ್ಕದ ತನ್ನ ಹಳೆಯ ಜಾಗಕ್ಕೆ ಹೋಗಿ, ಎರಡು ಸುತ್ತು ಸುತ್ತಿ ಮಲಗಿದಳು.

ಭಾವ ಬಾಗಿಲಿನಿಂದಲೇ ಅವಳನ್ನು ನೋಡಿದರು. ಆಮೇಲೆ ಕೆಳಗಿಳಿದು ಹೋಗಿ ತಮ್ಮ ಚಾಪೆ ಸುತ್ತಿಕೊಂಡು ಬಂದರು.