ಡೊಂಬಿವಲಿಯ ಜ್ವರಕ್ಕೆ ಉಡುಪಿಯ ಹೆಸರು

ಮುಂಬೈ ಕಡೆ ನಮ್ಮವರನ್ನು ‘ಊರು ಯಾವುದು’ ಎಂದು ಕೇಳಿ ನೋಡಿ. ಡೊಂಬಿವಲಿಯಲ್ಲೇ ಹುಟ್ಟಿ ಅಲ್ಲೇ ತಲೆ ನರೆತವರೂ ‘ಉಡುಪಿ’ ಎನ್ನುತ್ತಾರೆ. ಡೊಂಬಿವಲಿ ಇರುವ ಜಾಗ, ಅಷ್ಟೇ. ಊರು ಎಂದರೆ ಬೇರೆ. ಈ ಚಾಳಿಯೇ ನನ್ನ ದೊಡ್ಡಮ್ಮನ ಹೊಟ್ಟೆಯ ಮೇಲೆ ಹೊಡೆಯಿತು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ಡೊಂಬಿವಲಿಯ ತಮ್ಮ ಫ್ಲ್ಯಾಟಿನಲ್ಲೇ ಮೆಸ್ ನಡೆಸುತ್ತಿದ್ದರು. ಊರ ಕಡೆಯ ಒಂಟಿ ಗಂಡಸರು ಆಫೀಸು ಮುಗಿಸಿ, ಅವರ ಕೈಯ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ ಉಣ್ಣಲು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಬದುಕು ನಡೆಯುತ್ತಿದ್ದುದೇ ಅದರಿಂದ. ನಾನು ಅವರ ಜೊತೆಗಿದ್ದು ಘಣಸೋಲಿಯ ಒಂದು ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ತುಳು ಮಾತು. ದೊಡ್ಡಮ್ಮನಿಗೆ ಸಿಟ್ಟು ಬಂದಾಗ ಮಾತ್ರ ಕನ್ನಡ ಹೊರಡುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆ ಮಳೆಗಾಲದಲ್ಲಿ ಚಿಕೂನ್‌ಗುನ್ಯ ಹಬ್ಬಿತು. ನಮ್ಮ ಬಿಲ್ಡಿಂಗಿನಲ್ಲಿ ಮೊದಲು ಮಲಗಿದವರಲ್ಲಿ ದೊಡ್ಡಮ್ಮನೂ ಒಬ್ಬರು. ಹತ್ತಿರದ ಡಿಸ್ಪೆನ್ಸರಿಯಲ್ಲಿ ರಕ್ತ ತೆಗೆದರು. ಜ್ವರ ಇಳಿಯಿತು, ಗಂಟುಗಳ ನೋವು ಇಳಿಯಲಿಲ್ಲ. ಆದರೂ ಗೋಡೆ ಹಿಡಿದುಕೊಂಡೇ ಮೆಸ್ಸಿನ ಅಡುಗೆಗೆ ನಿಂತರು.

ನಮ್ಮ ಲ್ಯಾಬಿನಲ್ಲಿ ಮಾಡುತ್ತಿದ್ದುದು ವೈರಸ್ಸಿನ ವಂಶಾವಳಿ ಹುಡುಕುವ ಕೆಲಸ. ವೈರಸ್ಸು ಮೈಯಿಂದ ಮೈಗೆ ದಾಟುತ್ತ ತನ್ನ ಅಕ್ಷರಗಳನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬೀಳುತ್ತದೆ. ಯಾರ ತಪ್ಪು ಯಾರಲ್ಲಿ ಕಾಣುತ್ತದೆ ಎಂದು ಹೊಂದಿಸಿದರೆ ಕೊಂಬೆಕೊಂಬೆಯಾಗಿ ಒಂದು ಮರ ಮೂಡುತ್ತದೆ. ಡಿಸ್ಪೆನ್ಸರಿಗಳಿಂದ ಬರುವ ರಕ್ತದ ಮಾದರಿಗಳು ಚೀಟಿಯಲ್ಲಿರುವ ಊರಿನ ಹೆಸರಿನಲ್ಲೇ ಆ ಮರದಲ್ಲಿ ಕೂರುತ್ತವೆ, ಬುಡದಲ್ಲಿರುವುದು ಮೊದಲಿನದು. ಆ ಸಲ ಡೊಂಬಿವಲಿಯ ಕೊಂಬೆಯ ಬುಡದಲ್ಲಿ ಒಂದೇ ಒಂದು ‘ಉಡುಪಿ’ ಕೂತಿತ್ತು. ನಮ್ಮ ಸಾಹೇಬರು, ಬೆಂಗಳೂರಿನವರು, ಹಿಗ್ಗಿದರು. ಜ್ವರ ಕರಾವಳಿಯಿಂದ ಬಂದಿದೆ ಎಂದು ನಗರಪಾಲಿಕೆಯವರಿಗೆ ಫೋನಿನಲ್ಲೇ ಹೇಳಿಬಿಟ್ಟರು. ಹೊಗೆ ಹಾಕಲು ಬಂದ ಪಾಲಿಕೆಯವರು ಅದನ್ನು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ಕಿವಿಗೆ ಹಾಕಿದರು. ಇಡೀ ಬಿಲ್ಡಿಂಗಿನಲ್ಲಿ ಉಡುಪಿಯವರು ಎಂದರೆ ನಾವೇ. ಹೊರಗಿನವರು ಮೆಸ್ಸಿಗೆಂದು ಮೆಟ್ಟಿಲು ಹತ್ತಕೂಡದು ಎಂದು ಮರುದಿನವೇ ಫರ್ಮಾನು ಹೊರಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾನು ಆ ‘ಉಡುಪಿ’ ಮಾದರಿಯ ಚೀಟಿ ತೆಗೆದು ನೋಡಿದೆ. ರಕ್ತ ತೆಗೆದದ್ದು ನಮ್ಮದೇ ಡಿಸ್ಪೆನ್ಸರಿಯಲ್ಲಿ. ವಯಸ್ಸು ದೊಡ್ಡಮ್ಮನದು. ಸಂಜೆ ಮನೆಗೆ ಬಂದು ಕೇಳಿದೆ, ಡಿಸ್ಪೆನ್ಸರಿಯಲ್ಲಿ ಏನು ಹೇಳಿದಿರಿ ಎಂದು.

“ಗಾವ್ ಯಾವುದು ಅಂತ ಕೇಳಿದ್ರು. ಉಡುಪಿ ಅಂದೆ. ಮತ್ತೆ ನಂಗೆ ಬೇರೆ ಊರು ಉಂಟಾ?”

ಉಡುಪಿಯಲ್ಲಿ ಅವರಿಗೆ ಹಿಡಿ ಮಣ್ಣೂ ಇರಲಿಲ್ಲ. ತವರಿನ ಆಸ್ತಿ ಪಾಲಾದಾಗ ಹೆಣ್ಣುಮಕ್ಕಳ ಸಹಿ ಹಾಕಿಸಿಕೊಂಡು ಕಳಿಸಿದ್ದರು. ಅಲ್ಲಿಗೆ ಹೋಗದೆ ಎಷ್ಟೋ ವರ್ಷಗಳಾಗಿದ್ದವು. ಹೋಗದವರು ಜ್ವರವನ್ನು ಹೊತ್ತು ತರುವುದು ಹೇಗೆ?

ಸಾಹೇಬರಿಗೆ ಹೇಳಿದೆ. “ಅಯ್ಯೋ ಬಿಡಮ್ಮ, ಒಂದು ಹೆಸರು ತಾನೆ, ಚೇಂಜ್ ಮಾಡಿದ್ರಾಯ್ತು,” ಎಂದರು. ಮಾಡಿದರು ಕೂಡ. ಆಮೇಲೆ ಕರಾವಳಿಯಿಂದಲೇ ಬಂದ ಮಾದರಿಗಳು ಬೇರೆಯೇ ಕೊಂಬೆಯಲ್ಲಿ ಕೂತವು. ದೊಡ್ಡಮ್ಮನ ವೈರಸ್ಸಿಗೆ ಹತ್ತಿರದ ನೆಂಟರು ಸಿಕ್ಕಿದ್ದು ಪಕ್ಕದ ಕಲ್ಯಾಣದಲ್ಲಿ. ಇಷ್ಟನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ಎಂದು ಬೇಡಿಕೊಂಡೆ. “ಸೊಸೈಟಿ ಜಗಳಕ್ಕೆಲ್ಲ ಲ್ಯಾಬಿಂದ ಲೆಟರ್ ಕೊಡಕ್ಕಾಗಲ್ಲಮ್ಮ.” ಫೋನ್ ಮಾಡುವಾಗ ಮಾತ್ರ ಇವರಿಗೆ ಯಾವ ನಿಯಮವೂ ನೆನಪಾಗಿರಲಿಲ್ಲ.

ಬಾಯಲ್ಲೇ ಹೇಳೋಣ ಎಂದು ಸೆಕ್ರೆಟರಿಯ ಮನೆಗೆ ಹೋದೆ. ಮರ, ಕೊಂಬೆ, ಕಲ್ಯಾಣ ಎಲ್ಲ ವಿವರಿಸಿದೆ. ಅವನು ಚಹಾ ಕುಡಿಯುತ್ತ ಪೂರ್ತಿ ಕೇಳಿದ.

“ಲೇಕಿನ್ ಆಪ್ ಲೋಗ್ ಉಡುಪಿ ಕೇ ಹೀ ಹೋ ನಾ?”

ಹೌದು, ಉಡುಪಿಯವರೇ. ಇವತ್ತಿಗೂ ಆ ಮನುಷ್ಯನನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಗಿರಾಕಿಗಳು ಬೇರೆ ಮೆಸ್ ಹುಡುಕಿಕೊಂಡರು. ಯಾರೂ ತಿರುಗಿ ಬರಲಿಲ್ಲ. ದೊಡ್ಡ ಪಾತ್ರೆಗಳು ಅಟ್ಟ ಸೇರಿದವು. ಕೆಲವು ವರ್ಷ ಕಳೆದು ನಾನು ಠಾಣೆಯ ವರ್ತಕ ನಗರದಲ್ಲಿ ಮನೆ ಮಾಡಿದಾಗ ಅವರನ್ನೂ ಕರೆದುಕೊಂಡು ಬಂದೆ. ಇಲ್ಲಿ ಅವರಿಗೆ ಕೆಲಸವಿಲ್ಲ, ಬೆರಳು ಪೂರ್ತಿ ಮಡಚಲು ಬರುವುದೂ ಇಲ್ಲ.

ಒಂದು ಮಳೆಗಾಲದಲ್ಲಿ ಮತ್ತೆ ಜ್ವರ ಬಂತು. ಡೆಂಗ್ಯೂ ಇರಬಹುದೆಂದು ರಕ್ತ ಪರೀಕ್ಷೆಗೆ ಕರೆದೊಯ್ದೆ. ನರ್ಸ್ ಎಳೆಯ ಹುಡುಗಿ. ಸೂಜಿ ತೆಗೆಯುತ್ತ ಸುಮ್ಮನೆ ಮಾತಿಗೆಂದು ಮರಾಠಿಯಲ್ಲಿ ಕೇಳಿದಳು, “ಗಾವ್ ಕುಠ್ಲಂ, ಆಜೀ?”

ದೊಡ್ಡಮ್ಮ ಬಾಯಿ ತೆರೆದವರು ಮುಚ್ಚಿಕೊಂಡರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

“ನೀನೇ ಹೇಳು ಮಾರಾಯ್ತಿ. ನಾನು ಹೇಳಿದ್ರೆ ತಪ್ಪಾಗ್ತದೆ.”