ಹನ್ನೆರಡು ತಲೆ ಎಣಿಸಿದ ವೃಂದಕ್ಕ

ಮರದ ಮಣೆಗೆ ಮೆತ್ತಿದ ಮೊನ್ನೆಯ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿದೆ. ವೃಂದಕ್ಕ ಅದನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಾರೆ. ಗಂಟೆ ನಾಲ್ಕೂಕಾಲು. ಪುರಸೈವಾಕ್ಕಂನ ಆ ಸಣ್ಣ ಬೀದಿಗೆ ಹಾಲಿನವನೂ ಇನ್ನೂ ಬಂದಿಲ್ಲ. ತಿಕ್ಕಿ, ತೊಳೆದು, ನೀರು ಕೊಡವಿ, ವ್ಯಾನಿನ ಬಾಗಿಲ ಕೆಳಗಿಟ್ಟು ತಾವೇ ಒಮ್ಮೆ ಹತ್ತಿ ಇಳಿದು ನೋಡುತ್ತಾರೆ. ಅದು ಒಂಚೂರೂ ಅಲುಗಬಾರದು. ಮಂಡಿನೋವಿನವರು ಇದೊಂದನ್ನು ನಂಬಿಕೊಂಡೇ ಇಳಿಯುವುದು.

ಮಣೆಯಾದ ಮೇಲೆ ನಿಂಬೆಹಣ್ಣು. ಹನ್ನೆರಡು ಜನಕ್ಕೆ ಹದಿನೆಂಟು. ಏಲಗಿರಿ ಬೆಟ್ಟಕ್ಕೆ ಹದಿನಾಲ್ಕು ತಿರುವು. ಆರನೆಯ ತಿರುವಿಗೆ ಯಾರಾದರೊಬ್ಬರು ಬಾಯಿ ಮುಚ್ಚಿಕೊಳ್ಳುವುದು ಖಂಡಿತ. ನಿಂಬೆಹಣ್ಣಿನ ಜೊತೆಗೆ ಕಾಗದದ ಚೀಲ, ಎರಡು ಟವೆಲ್, ಮುಲಾಮು, ಪ್ರಯಾಣಿಕರ ಹೆಸರಿನ ಪಟ್ಟಿ. ಪಟ್ಟಿಯ ಹಿಂದೆ ಒಂದು ಲಕೋಟೆ. ಸ್ಟಾಂಪು ಹಚ್ಚಿದೆ, ವಿಳಾಸ ಬರೆದಿದೆ, ಬಾಯಿ ಮಾತ್ರ ಅಂಟಿಸಿಲ್ಲ.

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತ ಯಜಮಾನರು ಸಂಜೀವ ಅದನ್ನು ನೋಡಿಯೂ ನೋಡದವರ ಹಾಗೆ ಕೇಳುತ್ತಾರೆ: "ಇವತ್ತಾದರೂ ಡಬ್ಬಿಗೆ ಹಾಕ್ತೀಯೋ, ಇಲ್ಲಾ ಅದಕ್ಕೆ ಇನ್ನೊಂದು ಸಲ ಬೆಟ್ಟ ತೋರಿಸಿ ವಾಪಸ್ ಕರ್ಕೊಂಡು ಬರ್ತೀಯೋ? ಆ ಕಾಗದ ನನಗಿಂತ ಜಾಸ್ತಿ ಸಲ ಏಲಗಿರಿ ನೋಡಿದೆ."

"ನೀವು ಕಾಫಿ ಕುಡೀರಿ," ಎನ್ನುತ್ತಾರೆ ವೃಂದಕ್ಕ.

ಚೆನ್ನೈಯಿಂದ ಹೊರಟು, ಒಂದೇ ದಿನದಲ್ಲಿ ಬೆಟ್ಟವನ್ನೂ ಕೆರೆಯನ್ನೂ ತೋರಿಸಿ, ಮಲಗುವ ಹೊತ್ತಿಗೆ ಜನರನ್ನು ಮನೆ ಬಾಗಿಲಿಗೆ ಮುಟ್ಟಿಸುವುದು ಐವತ್ತಾರರ ಈ ಹೆಂಗಸಿನ ಉದ್ಯೋಗ. ವಾರಕ್ಕೆ ಮೂರು ದಿನ, ಹೋಗಿ ಬರುವ ದಾರಿ ನಾನೂರ ಅರವತ್ತು ಕಿಲೋಮೀಟರು, ಒಂಬತ್ತು ವರ್ಷದಿಂದ. ಕೆರೆಯ ಪಟ ತೆಗೆದುಕೊಂಡವರ ಫೋನುಗಳಲ್ಲಿ ಹುಡುಕಿದರೆ ಎಲ್ಲೋ ಅಂಚಿನಲ್ಲಿ ಇವರ ಮೊಣಕೈಯೋ ಸೆರಗೋ ಸಿಕ್ಕೀತು. ಮುಖ ಸಿಗುವುದು ಕಷ್ಟ.

ಸಂಜೀವ ಅವರದು ರೈಲ್ವೆಯಲ್ಲಿ ಗುಮಾಸ್ತೆ ಕೆಲಸ, ಈಗ ನಿವೃತ್ತಿ. ಅರಸೀಕೆರೆಯಿಂದ ಮದುವೆಯಾಗಿ ಬಂದಾಗ ವೃಂದಕ್ಕನಿಗೆ ತಮಿಳಿನಲ್ಲಿ ಬರುತ್ತಿದ್ದುದು ನೀರಿಗೆ 'ತಣ್ಣಿ' ಎನ್ನುವುದೊಂದೇ. ಆಮೇಲೆ ವಠಾರದ ಹೆಂಗಸರನ್ನು ಗುಂಪು ಕಟ್ಟಿಕೊಂಡು ತಿರುತ್ತಣಿಗೆ, ಪಳವೇರ್ಕಾಡಿನ ಸರೋವರಕ್ಕೆ ಕರೆದುಕೊಂಡು ಹೋಗಲು ಶುರುಮಾಡಿದರು. ಒಂದು ಗುಂಪಿನಲ್ಲಿ ಪ್ರವಾಸದ ಏಜೆನ್ಸಿಯೊಂದರ ಮಾಲೀಕರ ಅತ್ತೆ ಇದ್ದರು. "ಈಕೆ ಜೊತೆಗಿದ್ದರೆ ನಾನು ಎಲ್ಲಿಗೆ ಬೇಕಾದರೂ ಬರುತ್ತೇನೆ," ಎಂದರಂತೆ ಆಕೆ. ಆ ಒಂದು ಮಾತೇ ಇವರ ಅರ್ಹತಾಪತ್ರ.

ನಾಲ್ಕೂ ಮುಕ್ಕಾಲಿಗೆ ಅಣ್ಣಾ ನಗರ್‌ನಲ್ಲಿ ಜನ ಹತ್ತುತ್ತಾರೆ. ಹತ್ತಿದ ಮೇಲೆ ಅಲ್ಲೊಂದು ವಿಚಿತ್ರ ನಡೆಯುತ್ತದೆ. ವೃಂದಕ್ಕ ತಲೆ ಎಣಿಸುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಪಕ್ಕದವರ ಹೆಸರು ಹೇಳಬೇಕು. ಇವರು ಆ ಮುಖ ನೋಡಿ, ಪಟ್ಟಿ ನೋಡಿ, ಮತ್ತೆ ಮುಖ ನೋಡಿ ಗುರುತು ಹಾಕುತ್ತಾರೆ. ಇಳಿದು ಹತ್ತಿದಾಗಲೆಲ್ಲ ಇದೇ.

ಬೆಸೆಂಟ್ ನಗರದಿಂದ ಬಂದ ಕಮಲಾಕರ, ವಿಮಾ ಕಚೇರಿಯಲ್ಲಿದ್ದವರು, ಪಕ್ಕದ ಹೆಂಡತಿಯನ್ನು ನೋಡಿ ತಡವರಿಸುತ್ತಾರೆ: "ನಲವತ್ತು ವರ್ಷ ಆಯ್ತಮ್ಮಾ, ಇವರ ಹೆಸರು ಹಿಡಿದು ಕರೆಯೋಕೆ ಇನ್ನೂ ಧೈರ್ಯ ಬಂದಿಲ್ಲ."

"ಕಲಾವತಿ ಅಂತ ಹೇಳ್ರೀ. ಇಲ್ಲಾಂದ್ರೆ ನಿಮ್ಮನ್ನ ಕೆರೆ ಹತ್ರ ಬಿಟ್ಟು ಬರ್ತಾರಂತೆ," ಎನ್ನುತ್ತಾರೆ ಹೆಂಡತಿ.

ವ್ಯಾನಿಗೆ ವ್ಯಾನೇ ನಗುತ್ತದೆ. ವೃಂದಕ್ಕ ನಗುವುದಿಲ್ಲ. ಡ್ರೈವರ್ ವಿಘ್ನೇಶ್ ಕನ್ನಡಿಯಲ್ಲಿ ಅವರ ಮುಖ ನೋಡಿ, "ಅಕ್ಕಾ, ಟೀಚರಮ್ಮ ಹಾಜರಿ ತಗೊಂಡಾಯ್ತಾ? ಪೋಲಾಮಾ?" ಎಂದು ಮಾತು ಮರೆಸಿ ಗಾಡಿ ಹೊರಡಿಸುತ್ತಾರೆ.

ಕಾವೇರಿಪಾಕ್ಕಂ ಕೆರೆಯ ಹತ್ತಿರ ಬೆಳಕು ಹರಿಯುತ್ತದೆ. ಎಲ್ಲರೂ ಕಿಟಕಿಗೆ ಮುಖ ಇಟ್ಟಾಗ ವೃಂದಕ್ಕ ಕೆಳದನಿಯಲ್ಲಿ, ತಲೆ ಎಣಿಸುವುದನ್ನು ಬಿಡಿಸಿದ ಆ ದಿನದ್ದನ್ನು ಹೇಳುತ್ತಾರೆ. ಈ ಲೇಖನಕ್ಕಾಗಿ ಜೊತೆಗೆ ಬಂದ ನನಗೆ, ಬರೆಯಬೇಡಿ ಎಂದಿದ್ದರು ಮೊದಲು. ಸಂಜೆ ಅವರೇ, "ಬರೀರಿ, ಬಿಡಬೇಡಿ," ಎಂದರು.

ಒಂದು ವರ್ಷ ನಾಲ್ಕು ತಿಂಗಳ ಹಿಂದಿನ ಮಾತು. ಕಾರ್ತಿಕದ ಮಳೆ. ಅವತ್ತು ಬಂದವರಲ್ಲಿ ಎಪ್ಪತ್ತನಾಲ್ಕರ ಜಯಲಕ್ಷ್ಮಮ್ಮ ಒಬ್ಬರು. ಜೊತೆಗೆ ಹೊರಟಿದ್ದ ನೆರೆಮನೆಯಾಕೆಗೆ ಜ್ವರ ಬಂದು, ಇವರೊಬ್ಬರೇ ಬಂದಿದ್ದರು. ಪುಂಗನೂರು ಕೆರೆಯ ಹತ್ತಿರ ಅವರಿಗೆ ಮಂಡಿ ಹಿಡಿಯಿತು. ವೃಂದಕ್ಕ ಅವರನ್ನು ದಡದ ಕಲ್ಲುಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರಿ, ಎದ್ದು ಬರಬೇಡಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ," ಎಂದು ದೋಣಿಯವರ ಕಡೆ ಹೋದರು. ಅಷ್ಟರಲ್ಲಿ ಮಳೆ ರಪರಪ ಬಿತ್ತು. ಎಲ್ಲರೂ ಓಡಿ ವ್ಯಾನು ಹತ್ತಿದರು. ವೃಂದಕ್ಕ ಮುಂದಿನಿಂದ ತಲೆ ಎಣಿಸಿದರು. ಹನ್ನೆರಡು. ಹಿಂದಿನಿಂದ ಎಣಿಸಿದರು. ಹನ್ನೆರಡೇ. ತಿರುವುಗಳನ್ನು ಬೆಳಕಿರುವಾಗಲೇ ಇಳಿಯಬೇಕು, ಹೊರಟರು.

ಬೆಟ್ಟ ಇಳಿದು ವಾಣಿಯಂಬಾಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಕೊನೆಯ ಸೀಟಿನಲ್ಲಿ ತಲೆತುಂಬ ಶಾಲು ಹೊದ್ದು ಮಲಗಿದ್ದ ಹೆಂಗಸು ಎದ್ದು ಕೂತು ಸುತ್ತ ನೋಡಿದರು. "ನೀಂಗೆಲ್ಲಾಂ ಯಾರು?" ಎಂದರು. ನೀವೆಲ್ಲ ಯಾರು!

ಅವರು ವೇಲೂರಿನ ಇನ್ನೊಂದು ಗುಂಪಿನವರು. ಕೆರೆಯ ಹತ್ತಿರ ಅದೇ ಬಿಳಿ ಬಣ್ಣದ, ಅದೇ ಅಳತೆಯ ವ್ಯಾನು ನಾಲ್ಕು ನಿಂತಿದ್ದವು. ಈಕೆ ತಲೆಸುತ್ತು ಬಂದು ಇದೇ ನಮ್ಮದು ಅಂದುಕೊಂಡು ಹತ್ತಿ ಮಲಗಿಬಿಟ್ಟಿದ್ದರು.

"ಇವತ್ತಿಗೂ ನನಗೆ ಗೊತ್ತಾಗಿಲ್ಲ," ಎನ್ನುತ್ತಾರೆ ವೃಂದಕ್ಕ. "ಹನ್ನೆರಡು ಎಣಿಸಿದೆ. ಹನ್ನೆರಡು ಇತ್ತು. ಲೆಕ್ಕ ತಪ್ಪಿದ್ದರೆ ತಪ್ಪಿತು ಅನ್ನಬಹುದಿತ್ತು. ಲೆಕ್ಕ ಸರಿಯಾಗಿಯೇ ಇತ್ತಲ್ಲ?"

ತಿರುಗಿ ಬೆಟ್ಟ ಹತ್ತಿದಾಗ ಕತ್ತಲಾಗಿತ್ತು. ಜಯಲಕ್ಷ್ಮಮ್ಮ ಅದೇ ಬೆಂಚಿನ ಮೇಲೆ, ಎಲ್ಲಿಯದೋ ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಹೊದ್ದು ನಡುಗುತ್ತ ಕೂತಿದ್ದರು. "ಬಂದೆಯೇನಮ್ಮಾ? ಇಲ್ಲೇ ಇರಿ ಅಂದಿದ್ದೆಯಲ್ಲ, ಇದ್ದೀನಿ," ಎಂದರು. ಒಂದು ಬೈಗುಳವೂ ಇಲ್ಲ.

ಮೂರನೆಯ ದಿನ ಏಜೆನ್ಸಿಯವರು ಒಂದು ವರದಿ ಮುಂದಿಟ್ಟರು. ಸೂಚಿಸಿದ ಜಾಗವನ್ನು ಪ್ರಯಾಣಿಕರೇ ಬಿಟ್ಟು ಹೋಗಿದ್ದರಿಂದ ಹೀಗಾಯಿತು ಎಂದು ಅದರಲ್ಲಿ ಬರೆದಿತ್ತು. ನೀವು ಹೊರಡುವಾಗ ಬೆಂಚು ನೋಡಿದ್ರಾ, ಎಂದು ಕೇಳಿದರು ಮೇನೇಜರು. ಇವರು ನೋಡಿರಲಿಲ್ಲ. "ಮತ್ತೆ? ಅವರು ಎದ್ದು ಎಲ್ಲೋ ಹೋಗಿ ಆಮೇಲೆ ವಾಪಸ್ ಬಂದಿರಬಹುದಲ್ಲ. ಫೈಲಿಗೆ ಅಷ್ಟೇ ಅಕ್ಕಾ," ಎಂದರು. "ಓದಿ ಹೇಳಿದರು. ಅರ್ಥವೂ ಆಯಿತು. ಆಗಲಿಲ್ಲ ಅಂದುಬಿಟ್ಟರೆ ಸುಲಭ, ಆದರೆ ಆಯಿತು. ಸಹಿ ಹಾಕಿದೆ," ಎನ್ನುತ್ತಾರೆ ವೃಂದಕ್ಕ. ಮಗಳ ಕಾಲೇಜಿನ ಕೊನೆಯ ವರ್ಷ ಅದು.

ವರದಿಯ ಒಂದು ಪ್ರತಿ ಜಯಲಕ್ಷ್ಮಮ್ಮನ ಮಗ ಶಿವರಾಮು ಅವರಿಗೂ ಹೋಯಿತು. ಎರಡು ತಿಂಗಳ ಮೇಲೆ ಕ್ಷೇಮ ಕೇಳಲು ಫೋನು ಮಾಡಿದರೆ ಎತ್ತಿಕೊಂಡವರು ಸೊಸೆ ಪಾವನಾ. ಒಳ್ಳೆಯ ಹುಡುಗಿ, ಮಾತಿನಲ್ಲಿ ಕೊಂಕಿಲ್ಲ. "ಅತ್ತೆಗೆ ಮರೆವು ಶುರುವಾಗಿದೆ ಆಂಟಿ. ಮುಂಚೆ ದಿನಾ ಒಬ್ಬರೇ ಪಾರ್ಕಿಗೆ ಹೋಗಿ ಬರ್ತಿದ್ರು, ಈಗ ನಾವು ಬಿಡ್ತಿಲ್ಲ. ಮೊದಮೊದಲು, ನಾನು ಎದ್ದೇ ಇಲ್ಲ ಅಂತ ಜಗಳ ಆಡ್ತಿದ್ರು. ಈಗ ಅವರೇ, ಇರಬಹುದು ಕಣೇ, ಎದ್ದು ಹೋಗಿದ್ನೋ ಏನೋ ಅಂತಾರೆ."

ಆ ಸಂಜೆಯೇ ವೃಂದಕ್ಕ ಕಾಗದ ಬರೆಯಲು ಕೂತರು. ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮಗಳು ನೇಹಾ, "ವಾಟ್ಸಾಪ್‌ಲ ಅನುಪ್ಪಿಡು ಮಾ," ಎಂದಳು. ವಾಟ್ಸಾಪಿನಲ್ಲೇ ಕಳಿಸಿಬಿಡು ಅಂತ. ಇವರು ಒಪ್ಪಲಿಲ್ಲ. "ಅವರ ಮೇಲೆ ಹೊರಿಸಿದ್ದು ಕಾಗದದಲ್ಲಿ. ಇಳಿಸೋದೂ ಕಾಗದದಲ್ಲೇ ಆಗಬೇಕು."

ಆದರೆ ಬರೆದದ್ದು ಹೋಗಲಿಲ್ಲ. ಕೆಲಸದ ಭಯ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ದಿನ ಕಳೆದ ಹಾಗೆ ವೃಂದಕ್ಕನಿಗೇ ಅನುಮಾನ ಹತ್ತಿತು. ನಾನು ನಿಜಕ್ಕೂ 'ಇಲ್ಲೇ ಇರಿ' ಅಂದೆನೋ, ಅಂದೆ ಅಂದುಕೊಂಡೆನೋ? ಮೇನೇಜರು ಹೇಳಿದ ಹಾಗೆ ಅವರು ಎದ್ದು ಹೋಗಿ ಬಂದಿದ್ದರೆ? ಒಂದು ವಾರ ಒಂದು ಸಾಲು ಸೇರಿಸುವುದು, ಮುಂದಿನ ವಾರ ಹೊಡೆದುಹಾಕುವುದು. ಲಕೋಟೆಯ ಬಾಯಿ ಅಂಟದೇ ಉಳಿದದ್ದು ಹೀಗೆ. "ಅಲ್ಲಿ ಅವರಿಗೆ ನೆನಪಿನ ಮೇಲೆ ನಂಬಿಕೆ ಹೋಯಿತು. ಇಲ್ಲಿ ನನಗೂ ಹೋಯಿತು. ಯಾರನ್ನ ಕೇಳಲಿ ಹೇಳಿ?"

ಮಧ್ಯಾಹ್ನ ಮೂರೂವರೆಗೆ ವ್ಯಾನು ಪುಂಗನೂರು ಕೆರೆಯ ಹತ್ತಿರ ನಿಲ್ಲುತ್ತದೆ. ನೀರಿನ ಮೇಲೆ ಬೆಟ್ಟ ತಲೆಕೆಳಗಾಗಿ ನಿಂತಿದೆ. ಕಮಲಾಕರ ಸುಸ್ತಾಗಿ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ, ಪಕ್ಕದಲ್ಲಿ ಕಲಾವತಿ. ವೃಂದಕ್ಕ ಉಳಿದವರನ್ನೆಲ್ಲ ದೋಣಿಗೆ ಕಳಿಸಿ ಮತ್ತೆ ಬೆಂಚಿನ ಹತ್ತಿರವೇ ಬಂದು ನಿಲ್ಲುತ್ತಾರೆ. ಈಗ ಅದು ಅಭ್ಯಾಸವಾಗಿಬಿಟ್ಟಿದೆ.

ಆಗ ದೋಣಿಕಟ್ಟೆಯ ಕಾವಲಿನವರು ಊರುಗೋಲು ಹಿಡಿದು ಬರುತ್ತಾರೆ. ಕಾಲು ಮುರಿದು ವರ್ಷದ ಮೇಲೆ ಮನೆಯಲ್ಲಿದ್ದು, ಈ ವಾರವಷ್ಟೇ ಕೆಲಸಕ್ಕೆ ಬಂದವರು. ಹಿಂದೆ ಬೆಂಗಳೂರಿನಲ್ಲಿ ಕೂಲಿ ಮಾಡಿದ್ದರಿಂದ ಕನ್ನಡ ಬರುತ್ತದೆ. ವೃಂದಕ್ಕನನ್ನು ಎರಡು ಸಲ ನೋಡುತ್ತಾರೆ.

"ಅಮ್ಮಾ, ಆ ಅಜ್ಜಿ ಚೆನ್ನಾಗಿದ್ದಾರಾ? ನನ್ನ ನೀಲಿ ಹಾಳೆ ವಾಪಸೇ ಕೊಡಲಿಲ್ಲ ನೀವು."

ವೃಂದಕ್ಕನ ಕೈಯಲ್ಲಿದ್ದ ಪಟ್ಟಿ ನೆಲಕ್ಕೆ ಬೀಳುತ್ತದೆ. "ನೀವಾ ಕೊಟ್ಟಿದ್ದು?"

"ಮತ್ತಿನ್ಯಾರು? ನೀವು 'ಇಲ್ಲೇ ಇರಿ, ನಾನೇ ಬರ್ತೀನಿ' ಅಂದು ಹೋದ್ರಿ. ನಾನು ಅಲ್ಲೇ ಹಗ್ಗ ಕಟ್ಟುತಾ ಇದ್ದೆ. ನಿಮ್ಮ ಗಾಡಿ ಅವರ ಕಣ್ಣೆದುರಿಗೇ ಹೋಯ್ತು. ಬಾ ಅಜ್ಜಿ, ಸೂರಿನ ಕೆಳಗೆ ಬಾ ಅಂತ ಮೂರು ಸಲ ಕರೆದೆ. ಬರಲೇ ಇಲ್ಲ."

"ಎದ್ದೇ ಇಲ್ವಾ? ಒಂದು ಸಲಾನೂ?"

"ನಾನು ಮನೆಗೆ ಹೋಗೋವರೆಗೂ ಇಲ್ಲ. 'ನಾನು ಎದ್ದರೆ ಆ ಹುಡುಗಿ ಬಂದು ಕತ್ತಲಲ್ಲಿ ಹುಡುಕಬೇಕಾಗುತ್ತೆ, ಪಾಪ' ಅಂದ್ರು ಅಜ್ಜಿ."

ಐವತ್ತಾರರ ಹುಡುಗಿ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಆಮೇಲೆ ಕಣ್ಣೊರೆಸಿಕೊಂಡು ಲಕೋಟೆ ತೆಗೆಯುತ್ತಾರೆ. ಕಾಗದ ಜಯಲಕ್ಷ್ಮಮ್ಮನ ಹೆಸರಿಗೇ ಇದೆ. "ಮಗನಿಗೆ ಬರೆದರೆ ಅವರು ಅಮ್ಮನಿಗೆ ಹೇಳ್ತಾರೋ ಬಿಡ್ತಾರೋ. ಇವರ ಕೈಗೇ ಸಿಗಲಿ. ಬೇಕಾದವರಿಗೆ ಇವರೇ ತೋರಿಸಲಿ." ಮೊದಲ ಸಾಲು: 'ಅಮ್ಮಾ, ನೀವು ಎದ್ದಿಲ್ಲ. ನಾನೇ ನೋಡದೆ ಹೊರಟೆ.' ಕೆಳಗೆ, ತಾವು ಸಹಿ ಹಾಕಿದ ವರದಿ ಸುಳ್ಳು ಎಂಬುದು. ಅದರ ಕೆಳಗೆ ಈಗ ಕಾವಲಿನವರ ಹೆಸರು, ಫೋನ್ ನಂಬರು, ಅವರು ಹೇಳಿದ ಮಾತು, ಹೇಳಿದ ಹಾಗೆಯೇ.

ಅಂಟು ಎಲ್ಲಿ? ಕಲಾವತಿ ತಮ್ಮ ಬುತ್ತಿಯ ಡಬ್ಬಿ ತೆರೆದು ತಳದಲ್ಲಿದ್ದ ನಾಲ್ಕು ಅಗುಳು ಅನ್ನ ಕೊಡುತ್ತಾರೆ. ಬೆಳಗಿನ ತಮಾಷೆ ಅವರ ಮುಖದಲ್ಲಿಲ್ಲ. ವೃಂದಕ್ಕ ಅಗುಳನ್ನು ಹೆಬ್ಬೆರಳಲ್ಲಿ ಅರೆದು ಲಕೋಟೆಯ ಬಾಯಿಗೆ ಬಳಿಯುತ್ತಾರೆ.

ಏಜೆನ್ಸಿಗೆ ಗೊತ್ತಾದರೆ? "ಗೊತ್ತಾಗುತ್ತೆ. ಹೋದರೆ ಹೋಗಲಿ ಕೆಲಸ ಅಂತ ಜೋರಾಗಿ ಹೇಳೋಕೆ ನನಗೆ ಬರಲ್ಲ. ಹೆದರಿಕೆ ಇದೆ. ಆದರೆ ಕೆಲಸ ಉಳಿದರೆ ಒಂದು ಆಸೆ. ಅವರನ್ನ ಮತ್ತೊಂದು ಸಲ ಇಲ್ಲಿಗೆ ಕರ್ಕೊಂಡು ಬರಬೇಕು. ಮಂಡಿನೋವು, ಮಳೆ, ಕತ್ತಲು. ಪಾಪ, ಕೆರೆ ಸರಿಯಾಗಿ ನೋಡಲೇ ಇಲ್ಲ ಅವರು."

ಹನ್ನೆರಡು ಜನ ಒಬ್ಬೊಬ್ಬರಾಗಿ ಪಕ್ಕದವರ ಹೆಸರು ಹೇಳುತ್ತಾರೆ. ಕಮಲಾಕರ ಈ ಸಲ ತಡವರಿಸದೆ, "ಕಲಾವತಿ," ಎನ್ನುತ್ತಾರೆ. ವ್ಯಾನು ಬೆಟ್ಟದ ಬಸ್ ನಿಲ್ದಾಣದ ಹತ್ತಿರ ಬಂದಾಗ ಯಾರೂ ಹೇಳದೆಯೇ ನಿಲ್ಲುತ್ತದೆ. ವಿಘ್ನೇಶ್ ಇಳಿದು ಬಂದು, ಒಂಬತ್ತು ವರ್ಷದಲ್ಲಿ ಮೊದಲ ಸಲ, ಆ ಮರದ ಮಣೆಯನ್ನು ವೃಂದಕ್ಕನಿಗಾಗಿ ಬಾಗಿಲ ಕೆಳಗೆ ಇಡುತ್ತಾರೆ. "ಪಾತ್ತು, ಅಕ್ಕಾ. ನೋಡ್ಕೊಂಡು ಇಳೀರಿ."

ವೃಂದಕ್ಕ ಇಳಿದು ರಸ್ತೆ ದಾಟುತ್ತಾರೆ. ಕೆಂಪು ಡಬ್ಬಿಯ ಮುಂದೆ ನಿಂತು ವಿಳಾಸ ಇನ್ನೊಂದು ಸಲ ಓದುತ್ತಾರೆ: ಹೆಸರು, ಮನೆ ನಂಬರು, ಅಣ್ಣಾ ನಗರ್. ಕಾಗದವನ್ನು ಒಳಗೆ ಬಿಟ್ಟು, ಅದು ಬಾಯಲ್ಲೇ ಸಿಕ್ಕಿಕೊಂಡಿಲ್ಲ ತಾನೆ ಎಂದು ಕೈ ಹಾಕಿ ತಡವಿ ನೋಡುತ್ತಾರೆ. ಇಲ್ಲ. ಹೋಗಿದೆ.